ಗಲ್ಲಾದ ಲೆಕ್ಕ, ಸ್ಲೇಟಿನ ಲೆಕ್ಕ

ಬೇಗಂಪೇಟೆಯ ಗಲ್ಲಿಗಳಲ್ಲಿ ಬೆಳೆಯುವ ಕನ್ನಡ ಮನೆಯ ಮಗುವು ದಿನವೊಂದಕ್ಕೆ ನಾಲ್ಕು ಭಾಷೆಗಳಲ್ಲಿ ಎಣಿಸಬೇಕಾಗುತ್ತದೆ. ತಾಯಿಯೊಡನೆ ಕನ್ನಡ, ತರಕಾರಿ ಗಾಡಿಯವರೊಡನೆ ತೆಲುಗು, ಆಟೋದವರೊಡನೆ ಉರ್ದು, ಶಾಲೆಯಲ್ಲಿ ಇಂಗ್ಲಿಷು. ಇದರಿಂದ ಮಗುವಿಗೆ ಹಾನಿಯೇನೂ ಇಲ್ಲ. ಹಾನಿಯಿರುವುದು ಬೇರೆಡೆಯಲ್ಲಿ. ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ದುಡಿದು ರಾತ್ರಿ ಮನೆ ಸೇರುವ ತಂದೆಯವರು, ಮಗುವಿನ ಲೆಕ್ಕದ ಪುಸ್ತಕವು ಇಂಗ್ಲಿಷಿನಲ್ಲಿರುವುದನ್ನು ಕಂಡು, ಇದು ತಮ್ಮಿಂದಾಗುವ ಕೆಲಸವಲ್ಲವೆಂದು ಅದನ್ನು ಮುಚ್ಚಿ ಟ್ಯೂಷನ್ನಿಗೆ ಒಪ್ಪಿಸಿಬಿಡುತ್ತಾರೆ. ಅಂಕಗಣಿತವು ಇಂಗ್ಲಿಷಿನ ಸೊತ್ತೆಂಬ ಈ ಭಾವನೆಯನ್ನು ಕುರಿತು ವಾಚಕರಲ್ಲಿ ನಾಲ್ಕು ಮಾತು ಅರಿಕೆಮಾಡಿಕೊಳ್ಳಬೇಕಾಗಿದೆ.

ಮೊದಲು ಸಂಖ್ಯೆಗಳ ಹೆಸರನ್ನೇ ನೋಡೋಣ. ಇಪ್ಪತ್ತಮೂರು ಎಂದೊಡನೆ ಇಪ್ಪತ್ತೂ ಮೂರೂ ಕಿವಿಗೆ ಬೀಳುತ್ತವೆ. ಹನ್ನೊಂದು, ಹನ್ನೆರಡು, ಹದಿಮೂರುಗಳಲ್ಲಿಯೂ ಹತ್ತು ಅಡಗಿಯೇ ಇದೆ. ತೆಲುಗಿನ ಕ್ರಮವೂ ಬಹುಮಟ್ಟಿಗೆ ಇಂಥದೇ. ಇಂಗ್ಲಿಷಿನ ಇಲೆವೆನ್, ಟ್ವೆಲ್ವ್‌ಗಳಲ್ಲಾದರೋ ಹತ್ತರ ಸುಳಿವು ಮಗುವಿಗೆ ಸಿಗದು; ಥರ್ಟೀನ್ ಮತ್ತು ಥರ್ಟಿ ಕಿವಿಗೆ ಒಂದೇ ಆಗಿ ಕೇಳುವುದುಂಟು. ಉರ್ದುವಿನಲ್ಲಿ ಐವತ್ತೊಂಬತ್ತಕ್ಕೆ ಉನ್ಸಠ್, ಅರುವತ್ತಕ್ಕೆ ಒಂದು ಕಡಿಮೆ ಎಂದರ್ಥ. ಅದನ್ನು ಕೇಳಿ ಬರೆಯುವ ಮಗುವು ಮೊದಲು ಆರನ್ನು ಬರೆದರೆ ಆಶ್ಚರ್ಯವಿಲ್ಲ. ಆದುದರಿಂದ ಬಿಡಿ, ಹತ್ತು, ನೂರುಗಳ ಸ್ಥಾನವನ್ನು ಮನಗಾಣಿಸುವುದಕ್ಕೆ ಮನೆಯ ಕನ್ನಡವೇ ಅನುಕೂಲವಾದ ಬಾಗಿಲು. ಒಳಹೊಕ್ಕ ಮೇಲೆ ಇಂಗ್ಲಿಷಿನ ಹೆಸರುಗಳನ್ನು ಕಲಿಯಲು ಹೆಚ್ಚು ದಿನ ಬೇಕಾಗುವುದಿಲ್ಲ.

ಇನ್ನು ನಮ್ಮ ಹೋಟೆಲಿನ ಗಲ್ಲಾದ ಕಡೆಗೆ ಬರೋಣ. ಬಿಲ್ಲು ನೂರಮೂವತ್ತೇಳು, ಗಿರಾಕಿ ಕೊಟ್ಟದ್ದು ಇನ್ನೂರು. ಗಲ್ಲಾದಲ್ಲಿ ಕುಳಿತವರು ಕಾಗದ ಹುಡುಕುವುದಿಲ್ಲ. ಮೂರು ಕೊಟ್ಟರೆ ನೂರನಲವತ್ತು, ಮೇಲೆ ಅರವತ್ತು ಕೊಟ್ಟರೆ ಇನ್ನೂರು ಎಂದು ಅರವತ್ತಮೂರನ್ನು ಕೈಗಿಡುತ್ತಾರೆ. ಇದೇ ಲೆಕ್ಕವನ್ನು ಶಾಲೆಯಲ್ಲಿ ಮಗುವು ಒಂದರ ಕೆಳಗೊಂದು ಬರೆದು, ಸೊನ್ನೆಯಿಂದ ಏಳು ಹೋಗದೆಂದು ಪಕ್ಕದ ಮನೆಯಲ್ಲಿ ಕಡ ಕೇಳಿ, ಅಲ್ಲಿಯೂ ಸೊನ್ನೆಯೇ ಇರುವುದನ್ನು ಕಂಡು ದಿಕ್ಕುಗಾಣದೆ ನಿಲ್ಲುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ತೊಡಕಾಗಿರುವುದು ಈ ಕಡ ಎಂಬ ಮಾತೇ. ಕಡವಾದರೆ ಮರಳಿಸಬೇಕಷ್ಟೆ? ಇಲ್ಲಿ ಯಾರೂ ಮರಳಿಸುವುದಿಲ್ಲ. ನಡೆಯುವುದು ಕಡವಲ್ಲ, ಚಿಲ್ಲರೆ. (ತೆಲುಗರೂ ಚಿಲ್ಲರ ಎಂದೇ ಅನ್ನುತ್ತಾರೆ.) ಮಗುವಿನ ಮುಂದೆ ನೂರರ ಎರಡು ನೋಟುಗಳನ್ನಿಡಿ. ಒಂದನ್ನು ಮುರಿದು ಹತ್ತರ ಹತ್ತು ನೋಟು ಮಾಡಿ; ಅವುಗಳಲ್ಲೊಂದನ್ನು ಮುರಿದು ಒಂದು ರೂಪಾಯಿಯ ಹತ್ತು ನಾಣ್ಯ ಮಾಡಿ. ಈಗ ನೂರು ಒಂದು, ಹತ್ತು ಒಂಬತ್ತು, ಬಿಡಿ ಹತ್ತು. ಇದರಿಂದ ನೂರಮೂವತ್ತೇಳನ್ನು ಎತ್ತಿಕೊಳ್ಳಲು ಹೇಳಿದರೆ ಹತ್ತರ ಆರು ನೋಟು, ಮೂರು ನಾಣ್ಯ ಉಳಿಯುತ್ತವೆ. ಒಡನೆಯೇ ಅದನ್ನು ಸ್ಲೇಟಿನ ಮೇಲೆ ಬರೆಸತಕ್ಕದ್ದು. ನೋಟು ಸಾಲದಿದ್ದಲ್ಲಿ ಬೆಂಕಿಕಡ್ಡಿಗಳನ್ನು ಹತ್ತು ಹತ್ತಾಗಿ ಕಟ್ಟಿದರೂ ಆದೀತು.

ಬರೆಸುವುದನ್ನು ಮಾತ್ರ ಬಿಡಲಾಗದು. 1985ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬ್ರೆಜಿಲಿನ ರೆಸಿಫೆ ಪಟ್ಟಣದ ಬೀದಿಗಳಲ್ಲಿ ವ್ಯಾಪಾರ ಮಾಡುವ ಐವರು ಮಕ್ಕಳನ್ನು ಪರೀಕ್ಷಿಸಲಾಗಿತ್ತು. ವ್ಯಾಪಾರದ ನಡುವೆ ಕೇಳಿದ ಪ್ರಶ್ನೆಗಳಿಗೆ ನೂರಕ್ಕೆ 98ರಷ್ಟು ಉತ್ತರ ಸರಿ. ಅಂಥವೇ ಲೆಕ್ಕಗಳನ್ನು ಬರಿಯ ಅಂಕಿಗಳಲ್ಲಿ ಕೊಟ್ಟಾಗ 37ರಷ್ಟು ಮಾತ್ರ. 2025ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತೇರ್ ಡಫ್ಲೋ ಮೊದಲಾದವರು, ಕಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,400ಕ್ಕೂ ಹೆಚ್ಚು ಮಕ್ಕಳನ್ನು ಕುರಿತು ಇದನ್ನೇ ಕಂಡುಕೊಂಡು ಪ್ರಕಟಿಸಿದರು. ಶಾಲೆಗೆ ಮಾತ್ರ ಹೋಗುವ ಮಕ್ಕಳಾದರೋ ಅಂಗಡಿಯ ಲೆಕ್ಕದಲ್ಲಿ ತಡವರಿಸಿದರು. ಒಂದು ಲೆಕ್ಕವು ತಾನಾಗಿಯೇ ಇನ್ನೊಂದರ ಮನೆಗೆ ಹೋಗುವುದಿಲ್ಲ. ಯಾರಾದರೂ ಕೈಹಿಡಿದು ದಾಟಿಸಬೇಕು. ಆ ಕೈ ಗಲ್ಲಾ ಬಲ್ಲ ತಂದೆಯದಾಗಬಹುದು, ಸಂತೆ ಬಲ್ಲ ತಾಯಿಯದಾಗಬಹುದು.

ಈ ಕೆಲಸಕ್ಕೆ ಅವಸರವೂ ಉಂಟು. ಈಗ ಗಿರಾಕಿಗಳು ಮೊಬೈಲಿನಿಂದಲೇ ಹಣ ಕೊಡುತ್ತಾರೆ, ಬಿಲ್ಲನ್ನು ಯಂತ್ರವು ಕೂಡಿಸುತ್ತದೆ. ಹಾಲು ತರಲು ಹೋದ ಮಗುವು ಮುಷ್ಟಿಯಲ್ಲಿ ಚಿಲ್ಲರೆ ಹಿಡಿದು ಎಣಿಸುತ್ತ ಬರುವ ಪದ್ಧತಿ ಕಡಿಮೆಯಾಗುತ್ತಿದೆ. ಹಿಂದೆಯೂ ಇಂಥದೊಂದು ಬದಲಾವಣೆ ಆಗಿತ್ತು. 1957ನೆಯ ಏಪ್ರಿಲ್ 1ರಂದು ರೂಪಾಯಿಗೆ ನೂರು ಪೈಸೆಯಾದ ಮೇಲೆ ಹದಿನಾರಾಣೆಯ ಲೆಕ್ಕ ಹೋಯಿತು. ಅದರ ಬೆನ್ನಿಗೆ ಐಗಳ ಮಠದ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳೂ ಮರೆಯಾದವು. ಮಗ್ಗಿಯನ್ನು ಕಂಠಪಾಠವೆಂದು ಹಳಿಯುವವರೊಡನೆ ನಮಗೆ ಸಮ್ಮತಿಯಿಲ್ಲ. ನಾಲ್ಕು ತಟ್ಟೆಗೆ ಮೂರರಂತೆ ಇಡ್ಲಿಯಿಟ್ಟು ಹನ್ನೆರಡೆಂದು ಎಣಿಸಿದ ಮಗುವು ಅನಂತರ ಮಗ್ಗಿ ಹೇಳಲಿ. ಆಗ ಅದು ಬರಿಯ ಬಾಯಿಪಾಠವಾಗದು.

ಗಣಿತವು ಪರರ ಸೊತ್ತೆಂದು ಭಾವಿಸುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಕಾಚಿಗುಡದಲ್ಲಿ ಕನ್ನಡಿಗರ ಶಾಲೆಯೊಂದು ನೃಪತುಂಗನ ಹೆಸರನ್ನು ಹೊತ್ತಿದೆ. ಆ ರಾಷ್ಟ್ರಕೂಟ ದೊರೆಯ ರಾಜಧಾನಿಯಾದ ಮಾನ್ಯಖೇಟವು, ಅಂದರೆ ಇಂದಿನ ಮಳಖೇಡವು, 1956ರವರೆಗೆ ಹೈದರಾಬಾದು ಸಂಸ್ಥಾನದಲ್ಲಿಯೇ ಇದ್ದಿತು. ಆತನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಮುಂದಿನ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಗಣಿತವು ಎಲ್ಲೆಲ್ಲಿ ಬೇಕಾಗುತ್ತದೆಂದು ಎಣಿಸುವಾಗ ಮಹಾವೀರನು ಅಡುಗೆಯ ಶಾಸ್ತ್ರವನ್ನೂ ಸೇರಿಸಿರುವುದು ನಮ್ಮ ಹೋಟೆಲ್ ಬಂಧುಗಳಿಗೆ ಸಂತೋಷದ ಸಂಗತಿಯೇ ಸರಿ. ಗುಣಾಕಾರವನ್ನು ಹೇಳುವಾಗ ಆತನು, ಉತ್ತರವು ಕೊರಳಹಾರದಂತೆ ಕಾಣುವ ಕೆಲವು ಸಂಖ್ಯೆಗಳನ್ನು ಕೊಟ್ಟಿದ್ದಾನೆ. ಅವುಗಳಲ್ಲೊಂದನ್ನು ವಾರದ ರಜೆಯ ದಿನ ಮಗುವಿನ ಸ್ಲೇಟಿನ ಮೇಲೆ ಬರೆದುಕೊಡಬಹುದು: ಎಂಟನ್ನು ಬಿಟ್ಟು ಒಂದರಿಂದ ಒಂಬತ್ತರವರೆಗೆ, 12345679. ಒಂಬತ್ತರ ಮಗ್ಗಿ ಬಂದಿರುವ ಮಗುವು ಅದನ್ನು ಒಂಬತ್ತರಿಂದ ಗುಣಿಸಲಿ. ಉತ್ತರವನ್ನು ನಾವಿಲ್ಲಿ ಅಚ್ಚುಮಾಡುವುದಿಲ್ಲ.