ತಗಡಿನ ಪೆಟ್ಟಿಗೆ: ಎಲ್ಲಿ ಮಡಿಕೆ, ಎಲ್ಲಿ ಬೆಸುಗೆ?

ಮುಚ್ಚಳವಿಲ್ಲದ ಪೆಟ್ಟಿಗೆಗೆ ತಳವೊಂದು, ಗೋಡೆಗಳು ನಾಲ್ಕು. ಇವು ಪರಸ್ಪರ ಕೂಡುವ ಅಂಚುಗಳು ಎಂಟು. ಒಂದೇ ತಗಡಿನಿಂದ ಅದನ್ನು ರಚಿಸಬೇಕಾದರೆ ನಾಲ್ಕು ಅಂಚುಗಳನ್ನು ಮಡಿಸಬೇಕು, ಉಳಿದ ನಾಲ್ಕನ್ನು ಬೆಸೆಯಬೇಕು. ಮಡಿಕೆ ಮೂರೇ ಆದರೆ ಒಂದು ಭಾಗ ಬಿಡಿಯಾಗುತ್ತದೆ; ಐದಾದರೆ ತಗಡು ಸಪಾಟಾಗಿ ಹರಡದು. ಸಂಖ್ಯೆ ಬದಲಾಗದು, ಸ್ಥಾನಗಳನ್ನು ಬದಲಿಸಬಹುದು. ಅದರಿಂದೇನು ಪ್ರಯೋಜನ?

ತಗಡಿನ ದಪ್ಪವನ್ನು ಗಣಿಸದೆ, 20 ಸೆಂ.ಮೀ. ಚೌಕದ ತಳವೂ 60 ಸೆಂ.ಮೀ. ಎತ್ತರವೂ ಉಳ್ಳ ಪೆಟ್ಟಿಗೆಯೊಂದನ್ನು ನೋಡೋಣ. ತಳದ ನಾಲ್ಕೂ ಅಂಚುಗಳನ್ನು ಮಡಿಸಿ ಗೋಡೆಗಳನ್ನು ಎಬ್ಬಿಸಿದರೆ ಮೂಲೆಗಳಲ್ಲಿ 240 ಸೆಂ.ಮೀ. ಬೆಸುಗೆ ಬೇಕು. ಬಿಚ್ಚಿದ ಆಕಾರವು 140 ಸೆಂ.ಮೀ. ಉದ್ದಗಲದ್ದು, ನಾಲ್ಕಡಿ ಅಗಲದ ಹಾಳೆಯಲ್ಲಿ ಓರೆಯಾಗಿಟ್ಟ ಹೊರತು ಹಿಡಿಸದು. ಗೋಡೆಗಳನ್ನು ಸಾಲಾಗಿರಿಸಿ ಮೂರು ಮೂಲೆಗಳನ್ನು ಮಡಿಸಿ, ತಳವನ್ನು ಒಂದೇ ಗೋಡೆಯಿಂದ ಮಡಿಸಿದರೆ ಬೆಸುಗೆ 120 ಸೆಂ.ಮೀ.ಗೆ ಇಳಿಯುತ್ತದೆ, 80 ಸೆಂ.ಮೀ. ಚೌಕದ ತಗಡು ಸಾಕು. ಎತ್ತರ ಕೇವಲ 5 ಸೆಂ.ಮೀ. ಆಗಿದ್ದರೆ ಲೆಕ್ಕ ತಿರುಗುಮುರುಗು: ಮೊದಲನೆಯ ಕ್ರಮಕ್ಕೆ 20, ಎರಡನೆಯದಕ್ಕೆ 65 ಸೆಂ.ಮೀ. ಬೆಸುಗೆ.

ಈ ಉಳಿತಾಯ ಅಲ್ಪವಲ್ಲ. ಬೆಸುಗೆಯ ಶಾಖಕ್ಕೆ ತೆಳು ತಗಡು ಹಿಗ್ಗಿ, ಆರುವಾಗ ಕುಗ್ಗಿ, ಸೊಟ್ಟಗಾಗುತ್ತದೆ. ಗಣಕಯಂತ್ರದ ನಕ್ಷೆಯಲ್ಲಿ ಒಂದು ಮಡಿಕೆಯನ್ನು ಸೀಳಿ ಇನ್ನೊಂದು ಅಂಚನ್ನು ಮಡಿಕೆಯಾಗಿಸಿದರೆ ಬಿಚ್ಚಿದ ಆಕಾರ ಕೂಡಲೇ ಕಾಣುತ್ತದೆ. ಆದರೆ ಮೊದಲೇ ಎದ್ದುನಿಂತ ಗೋಡೆಯು ಮುಂದಿನ ಮಡಿಕೆಯಲ್ಲಿ ಯಂತ್ರಕ್ಕೆ ತಗಲೀತೇ ಎಂಬುದನ್ನೂ ಪರಿಶೀಲಿಸಬೇಕು. ನಕ್ಷೆಯಲ್ಲಿ ಅಂಚನ್ನು ಬದಲಿಸುವುದು ಸುಲಭ. ಕತ್ತರಿಸಿದ ತಗಡನ್ನು ಮರಳಿ ಕೂಡಿಸಲು ಮತ್ತೆ ಬೆಸುಗೆಯೇ ಬೇಕು.