ಮುಖವಾಡದ ಹಿಂದಿನ ಗುಟ್ಟು

ಮುಖವಾಡದ ವೀರನ ಚಿತ್ರಗಳು ಯಾಕೆ ಹಳಸೋದಿಲ್ಲ? ಡಗ್ಲಾಸ್ ಫೇರ್‌ಬ್ಯಾಂಕ್ಸ್ 1920ರಲ್ಲಿ 'ದಿ ಮಾರ್ಕ್ ಆಫ್ ಜೋರೋ' ತೆಗೆದ. ಅದರ ನಾಯಕ ಹಗಲಲ್ಲಿ ಪುಕ್ಕಲ, ವೇಷ ತೊಟ್ಟರೆ ಹುಲಿ. 1935ರಲ್ಲಿ ಮುಂಬಯಿಯ ವಾಡಿಯಾ ಮೂವಿಟೋನ್ 'ಹಂಟರ್‌ವಾಲಿ' ತಂದಿತು. ಹಂಟರ್ ಅಂದರೆ ಚಾವಟಿ. ರಾಜಕುಮಾರಿ ಮಾಧುರಿಯಾಗಿ ನಾಡಿಯಾ ಮುಖ ಮರೆಸಿ, ಕುದುರೆಯೇರಿ, ದುಷ್ಟ ಮಂತ್ರಿಯ ಬಂಟರನ್ನು ಸದೆಬಡಿಯುತ್ತಾಳೆ.

ಕತ್ತಿವರಸೆಯೊಂದೇ ಇದರ ಸೆಳೆತವಲ್ಲ. ಗುಟ್ಟು ಖಳನಿಗೆ ಗೊತ್ತಿಲ್ಲ, ನಮಗೆ ಗೊತ್ತು. ಕುಮಾರವ್ಯಾಸನ ವಿರಾಟಪರ್ವದಲ್ಲಿ ಬೃಹನ್ನಳೆ ಬಂದಾಗ ನಾವು ಒಳಗೊಳಗೇ ನಗೋದೂ ಇದಕ್ಕೇ ಅಲ್ಲವೆ? ಗುಟ್ಟು ಬಲ್ಲ ಪ್ರೇಕ್ಷಕ ವೀರನ ಜತೆಗಾರನಾಗಿಬಿಡುತ್ತಾನೆ.

1935ರಲ್ಲಿ ಇನ್ನೊಂದು ಗುಟ್ಟೂ ಇತ್ತು. ಬ್ರಿಟಿಷ್ ಸರಕಾರವನ್ನು ತೆರೆಯ ಮೇಲೆ ನೇರವಾಗಿ ಬಯ್ಯಲು ಸೆನ್ಸಾರ್ ಬಿಡುತ್ತಿರಲಿಲ್ಲ. ಕತೆಯ ದುಷ್ಟ ಮಂತ್ರಿಯಲ್ಲಿ ಯಾರನ್ನು ಕಾಣಬೇಕೆಂಬುದು ನೋಡುವವನಿಗೇ ಬಿಟ್ಟದ್ದು.

ನಮ್ಮ ಯೆರವಡಾ ಜೈಲಿನಲ್ಲಿ 1932ರಲ್ಲಿ ಉಪವಾಸ ಕೂತ ಗಾಂಧೀಜಿ, ಮುಖ ಮರೆಸದೆ ಆ ಸರಕಾರವನ್ನು ಎದುರಿಸಿದವರು. ಅಂಥ ಎದೆಗಾರಿಕೆ ಎಲ್ಲರಿಗೂ ಬರೋದಿಲ್ಲ. ಬಾರದವರಿಗೆ ಮುಖವಾಡ ಎರಡು ಗಂಟೆಯ ಮಟ್ಟಿಗೆ ಧೈರ್ಯ ಸಾಲ ಕೊಡುತ್ತೆ. ಆ ಸಾಲ ಬೇಕಾದವರು ಇರುವತನಕ ಈ ಚಿತ್ರಗಳಿಗೆ ಸಾವಿಲ್ಲ ಅಂತ ನನ್ನೆಣಿಕೆ.