ವಿಮೆ ಮಾಡಿಸುವವರು ಯಾರ ಕಡೆ?

ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ಊರುಗಳಲ್ಲಿ ವಿಮೆ ಮಾಡಿಸೋರು ಹೆಚ್ಚಾಗಿ ಪರಿಚಯದವರೇ. ‘ನಮ್ಮವರಲ್ವಾ’ ಅಂತ ತೋರಿಸಿದಲ್ಲಿ ಸಹಿ ಹಾಕಿಬಿಡುತ್ತೇವೆ. ಆದರೆ ಕಾನೂನಿನ ಪ್ರಕಾರ ಏಜೆಂಟ್ ಕಂಪನಿಯ ಪ್ರತಿನಿಧಿ. ಬ್ರೋಕರ್ ಗ್ರಾಹಕರ ಪ್ರತಿನಿಧಿ. ಹಾಗಿದ್ದೂ ಇಬ್ಬರಿಗೂ ಕಮಿಷನ್ ಕೊಡೋದು ಕಂಪನಿಯೇ! ಪ್ರೀಮಿಯಂ ದೊಡ್ಡದಾದಷ್ಟೂ ಸಾಮಾನ್ಯವಾಗಿ ಕಮಿಷನ್ನೂ ದೊಡ್ಡದು.

2019ರ ಆಗಸ್ಟ್‌ನಲ್ಲಿ ಘಟಪ್ರಭಾ ನೆರೆ ಗೋಕಾಕದ ಮನೆಗಳಿಗೆ ನುಗ್ಗಿತು. ಇಂಥ ಹೊತ್ತಲ್ಲಿ ಜೀವವಿಮೆ ಎಷ್ಟಿದ್ದರೂ ಕುಸಿದ ಗೋಡೆ, ಕೆಟ್ಟ ಫ್ರಿಜ್‌ಗೆ ಪೈಸೆಯೂ ಸಿಗೋಲ್ಲ. ಅದಕ್ಕೆ ನೆರೆಯನ್ನೂ ಒಳಗೊಂಡ ಗೃಹವಿಮೆ ಬೇಕು. ಅದರ ಪ್ರೀಮಿಯಂ ಚಿಕ್ಕದು. ಅವರಾಗಿ ಮಾತೆತ್ತದಿದ್ದರೆ ನೀವೇ ಕೇಳಿ.

ಇವಿಷ್ಟು ನೆನಪಿರಲಿ:

* ‘ನೀವು ಏಜೆಂಟರೋ, ಬ್ರೋಕರೋ? ಕಮಿಷನ್ ಎಷ್ಟು?’ ಕೇಳಿದರೆ ಇಬ್ಬರೂ ಹೇಳಬೇಕು.

* ಖಾಲಿ ಫಾರ್ಮಿಗೆ ಸಹಿ ಬೇಡ. ಬಿಪಿ, ಶುಗರ್ ಮುಚ್ಚಿಡಬೇಡಿ. ‘ಬರೆಯೋದು ಬೇಡ’ ಅಂದವರು ಕ್ಲೇಮ್ ತಿರಸ್ಕಾರವಾದಾಗ ಹಣ ಕೊಡೋಲ್ಲ.

* ಹೊಸ ಜೀವವಿಮೆ ಪಾಲಿಸಿ ಕೈಸೇರಿದ ಮೇಲೆ ಓದಿ ನೋಡಿ. ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮರಳಿಸಬಹುದು.

* ದೂರಿಗೆ ಕಂಪನಿ ಸ್ಪಂದಿಸದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಿರಿ. ಶುಲ್ಕವಿಲ್ಲ.

ಕೇಳೋದಕ್ಕೆ ಸಂಕೋಚ ಬೇಡ. ಸಂಬಂಧ ಬೇರೆ, ಸಹಿ ಬೇರೆ!